ನೆಲೆ ನಿಲ್ಲದ ಕೂಸು

ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ಬಹಳ ಆಡುತ್ತಿದ್ದಳು. ಇದನ್ನು ಹೇಳಿದಾಗಲೆಲ್ಲ ಕೇಳಿದವರು ನಗುತ್ತಿದ್ದರು. ಕೂಸು ಆಡದಿದ್ದರೆ ಹೆದರಬೇಕು, ಆಡಿದರೆ ಹೆದರುವುದೇನು ಎಂದು ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. ಆಸ್ಪತ್ರೆಯ ಗೋಡೆಗೆ ಅಂಟಿಸಿದ್ದ ಹಾಳೆಯಲ್ಲೂ ಹಾಗೇ ಇತ್ತು. ಕೂಸಿನ ಅಲುಗಾಟ ಕಡಿಮೆಯಾದರೆ ಕೂಡಲೇ ಬನ್ನಿ. ಜಾಸ್ತಿಯಾದರೆ ಏನು ಮಾಡಬೇಕೆಂದು ಅಲ್ಲಿ ಬರೆದಿರಲಿಲ್ಲ. ಮೊಬೈಲಿನಲ್ಲಿ ಹುಡುಕಿದರೂ ಅದೇ ಸಿಗುತ್ತಿತ್ತು. ಆ ತಿಂಗಳುಗಳಲ್ಲಿ ನನ್ನಂಥ ಇನ್ನೊಬ್ಬಳು ಬರೆದದ್ದು ಒಂದು ಪುಟವಾದರೂ ಸಿಗಲಿ ಎಂದು ಬಹಳ ಹುಡುಕಿದ್ದೆ. ಸಿಗಲಿಲ್ಲ. ಹಾಗಾಗಿ ಈಗ ನಾನೇ ಬರೆಯುತ್ತಿದ್ದೇನೆ. ಇದು ಯಾರಿಗೂ ಸಲಹೆಯಾಗಿ ಬರೆದದ್ದಲ್ಲ. ನನಗೆ ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಾನು ದಾವಣಗೆರೆಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಹೆಸರು ವೀಣಾ, ಆದರೆ ಮಕ್ಕಳಿಗೆ ಪಿ.ಟಿ. ಮಿಸ್. ತವರು ಹರಿಹರ, ಗಂಡನ ಮನೆ ಶಾಮನೂರು. ಗಂಡ ಕೊಟ್ರೇಶ ಬೋರ್‌ವೆಲ್ ಮೋಟರುಗಳ ವೈಂಡಿಂಗ್ ಅಂಗಡಿ ನಡೆಸುತ್ತಾರೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ ಗಂಗಮ್ಮ. ಮಾವ ತೀರಿಕೊಂಡು ಬಹಳ ವರ್ಷಗಳಾಗಿವೆ. ಕಾಲೇಜಿನಲ್ಲಿದ್ದಾಗ ನಾನು ಖೋ ಖೋ ಆಡುತ್ತಿದ್ದೆ. ದೇಹ ಹೇಳಿದ ಮಾತು ಕೇಳುತ್ತದೆ ಎನ್ನುವ ನಂಬಿಕೆಯಲ್ಲೇ ಬೆಳೆದವಳು. ಓಡು ಎಂದರೆ ಓಡಬೇಕು, ನಿಲ್ಲು ಎಂದರೆ ನಿಲ್ಲಬೇಕು. ಬಸುರಿಯಾದ ಮೇಲೂ ಕೆಲವು ತಿಂಗಳು ಆ ನಂಬಿಕೆ ಹಾಗೇ ಇತ್ತು.

ಮೊದಲು ಅದನ್ನು ಗಮನಿಸಿದ್ದು ನನ್ನ ವಿದ್ಯಾರ್ಥಿನಿಯರು. ಬೆಳಗಿನ ಪ್ರಾರ್ಥನೆಯಲ್ಲಿ ನಾನು ಮುಂದೆ ನಿಂತು "ಸಾವಧಾನ್" ಎಂದು ಕೂಗಿದ್ದೆ. ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದರು. ಗದರಿಸಿದಾಗ ಒಬ್ಬಳು ಹೇಳಿದಳು, "ಮಿಸ್, ನಿಮ್ ಸೀರೆ ಕುಣೀತೈತೆ." ಕೆಳಗೆ ನೋಡಿಕೊಂಡೆ. ನಿಜಕ್ಕೂ ಸೀರೆಯ ನೆರಿಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಗ್ಗುತ್ತಿತ್ತು. ನಾನೂ ನಕ್ಕೆ.

ಮನೆಯಲ್ಲಿ ಅತ್ತೆಗೆ ಇದು ಹಬ್ಬ. ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಮಲಗಿಸಿ ಹೊಟ್ಟೆಯ ಮೇಲೆ ಸ್ಟೀಲಿನ ಲೋಟ ಇಡುತ್ತಿದ್ದರು. ಲೋಟ ನಿಧಾನವಾಗಿ ಜರುಗಿ ಚಾಪೆಯ ಮೇಲೆ ಬೀಳುತ್ತಿತ್ತು. ಅಕ್ಕಪಕ್ಕದ ಹೆಂಗಸರನ್ನು ಕರೆದು ತೋರಿಸುತ್ತಿದ್ದರು. "ನಮ್ ಕೊಟ್ರೇಶಿನೂ ಹಿಂಗೇ ಆಡ್ತಿದ್ದ. ಸುಮ್ನೆ ಕೂಡಾಕ ಬರ್ತಿರ್ಲಿಲ್ಲ ಅವ್ನಿಗೆ," ಎನ್ನುತ್ತಿದ್ದರು. ಕೊಟ್ರೇಶ ಮಾತು ಕಡಿಮೆಯ ಮನುಷ್ಯ, ಒಂದು ಕಡೆ ಕೂತರೆ ಗಂಟೆಗಟ್ಟಲೆ ತಾಮ್ರದ ತಂತಿ ಸುತ್ತುತ್ತಲೇ ಇರುವವರು. 

ಸೀಮಂತ ಮುಗಿಸಿ ಹರಿಹರಕ್ಕೆ ಹೋದಾಗ ಎಂಟನೇ ತಿಂಗಳು ಹತ್ತಿರ ಬಂದಿತ್ತು. ಅಲ್ಲಿಗೆ ಹೋಗುವಷ್ಟರಲ್ಲಿ ಅದು ಆಟದ ಹಾಗೆ ಇರಲಿಲ್ಲ. ಒದೆತ ಎಂದರೆ ಒಂದು ಜಾಗದಲ್ಲಿ ತಾಗುತ್ತದೆ, ನಿಲ್ಲುತ್ತದೆ. ಇದು ಹಾಗಲ್ಲ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತು ನಡೆದಾಗ ನೀರು ಹೊಯ್ದಾಡುತ್ತದಲ್ಲ, ಹಾಗೆ ಇಡೀ ಹೊಟ್ಟೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ವಾಲುತ್ತಿತ್ತು. ಪಕ್ಕೆಲುಬಿನ ಕೆಳಗೆ ಗಟ್ಟಿಯಾಗಿ ಒತ್ತುತ್ತಿದ್ದದ್ದು ಸ್ವಲ್ಪ ಹೊತ್ತಿನಲ್ಲಿ ಸೊಂಟದ ಬದಿಗೆ ಬಂದಿರುತ್ತಿತ್ತು. ಅದು ತಿರುಗುವಾಗ ನನಗೆ ಉಸಿರು ಕಟ್ಟುತ್ತಿತ್ತು. ಎರಡು ಮೆಟ್ಟಿಲು ಹತ್ತಿದರೆ ನಿಂತು ಸುಧಾರಿಸಿಕೊಳ್ಳಬೇಕಾಗಿತ್ತು. ನೋಡಿದವರೆಲ್ಲ ಅವಳಿ ಇರಬೇಕು ಎನ್ನುತ್ತಿದ್ದರು.

ಅವ್ವ ಮಾತ್ರ ನಗಲಿಲ್ಲ. ಅವಳು ನನ್ನನ್ನೂ ನನ್ನ ತಮ್ಮನನ್ನೂ ಹೆತ್ತವಳು, ಇಬ್ಬರು ತಂಗಿಯರ ಬಾಣಂತನ ಮಾಡಿದವಳು. ಹೊಟ್ಟೆಗೆ ಎಣ್ಣೆ ಸವರುವಾಗ ಅವಳ ಕೈ ನಿಂತುಬಿಟ್ಟಿತು.

"ಬೆಳಿಗ್ಗೆ ತಲೆ ಇಲ್ಲಿತ್ತು ವೀಣಾ. ಈಗ ಈ ಕಡೆ ಐತೆ."

"ಆಡ್ತೈತೆ ಅವ್ವ. ಆಡ್ಲಿ ಬಿಡು."

"ಆಡೋದು ಬ್ಯಾರೆ. ಇಷ್ಟು ತಿಂಗ್ಳಾದ ಮ್ಯಾಲೆ ಕೂಸು ಒಂದ್ ಕಡೆ ನೆಲೆ ನಿಲ್ಬೇಕು. ಇದು ನಿಲ್ವಲ್ದು." ಎಣ್ಣೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. "ನಾಳೆ ದಾವಣಗೆರೆಗೆ ಹೋಗಣ."

ನಾನು ತೋರಿಸಿಕೊಳ್ಳುತ್ತಿದ್ದ ಆಸ್ಪತ್ರೆ ದಾವಣಗೆರೆಯಲ್ಲೇ ಇತ್ತು. ಮುಂದಿನ ಸರದಿಗೆ ಇನ್ನೂ ದಿನವಿತ್ತು. ಸರದಿಗೆ ಮುಂಚೆ ಹೋಗಿ "ಕೂಸು ಜಾಸ್ತಿ ಆಡುತ್ತಿದೆ" ಎಂದು ಹೇಳುವುದು ನನಗೆ ನಾಚಿಕೆಯ ವಿಷಯವಾಗಿತ್ತು. ಬಸ್ಸಿನಲ್ಲಿ ಕೂತಾಗಲೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಟೋಕನ್ ಕೊಡುವ ಹುಡುಗಿ ಕೇಳಿದಾಗ ಕೊನೆಗೆ "ಉಸಿರಾಟದ ತೊಂದರೆ" ಎಂದು ಹೇಳಿದೆ. ಅದೂ ಸುಳ್ಳಲ್ಲ.

ಕಾಯುವ ಕೋಣೆಯಲ್ಲಿ ಒಂದಕ್ಕೊಂದು ಜೋಡಿಸಿದ ಕುರ್ಚಿಗಳು. ಒಬ್ಬರು ಎದ್ದರೆ ಸಾಲೇ ಅಲುಗಾಡುತ್ತಿತ್ತು. ಗೋಡೆಯ ಟಿ.ವಿ.ಯಲ್ಲಿ ಅಡುಗೆ ಕಾರ್ಯಕ್ರಮ, ಧ್ವನಿ ಇಲ್ಲ. ಯಾರದೋ ಕಡೆಯವರು ಮೂಲೆಯಲ್ಲಿ ಪೇಪರ್ ಹಾಸಿಕೊಂಡು ಮಂಡಕ್ಕಿ ತಿನ್ನುತ್ತಿದ್ದರು. ನನ್ನ ಪಕ್ಕದಲ್ಲಿ ಬಾತಿ ಎಂಬ ಹಳ್ಳಿಯಿಂದ ಬಂದ ಒಬ್ಬಳು ಕೂತಿದ್ದಳು. ನನಗಿಂತ ಚಿಕ್ಕವಳು, ಮೂರನೆಯ ಬಸಿರು ಎಂದಳು. ಅವಳ ಹೊಟ್ಟೆ ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ. ಕೈಯನ್ನು ಅದರ ಮೇಲಿಂದ ತೆಗೆಯುತ್ತಿರಲಿಲ್ಲ.

"ನಿಮ್ದು ಆಡ್ತೈತೇನ್ರಿ?" ಎಂದು ಕೇಳಿದಳು.

"ಬಾಳ ಆಡ್ತೈತಿ. ಅದ್ಕೇ ತೋರ್ಸಾಕ ಬಂದೀನಿ."

ಅವಳು ನನ್ನ ಮುಖ ನೋಡಿದಳು. "ಮುಟ್ಲೇನ್ರಿ?" ಎಂದಳು. ನಾನು ತಲೆಯಾಡಿಸಿದೆ. ಅವಳು ಕೈ ಇಟ್ಟಾಗ ಒಳಗೆ ಅದು ದೊಡ್ಡದಾಗಿ ಹೊರಳಿತು. ಅವಳ ಕೈ ಅದರ ಜೊತೆಗೇ ಎದ್ದು ಇಳಿಯಿತು. "ನಮ್ದು ನಿನ್ನೆಯಿಂದ ಸುಮ್ನೈತ್ರಿ," ಎಂದಳು. ಆಮೇಲೆ, ನಗುತ್ತಲೇ, "ಇದ್ರಾಗ ಸ್ವಲ್ಪ ನಮ್ ಕೂಸಿಗೂ ಕೊಡ್ರಿ," ಎಂದಳು.

ಅಷ್ಟರಲ್ಲಿ ನರ್ಸ್ ಬಂದು ಅವಳನ್ನು ಸರದಿ ಬಿಟ್ಟು ಒಳಗೆ ಕರೆದುಕೊಂಡು ಹೋದಳು. ನಾನು ಅವಳನ್ನು ಮತ್ತೆ ನೋಡಲಿಲ್ಲ. ಮುಂದಿನ ಸಲ ಹೋದಾಗ ಅದೇ ನರ್ಸನ್ನು ಕೇಳಿದೆ. "ಬಾತಿಯವ್ರಾ? ಡಿಸ್ಚಾರ್ಜ್ ಆದ್ರು," ಎಂದಳು. ಕೂಸು ಹೇಗಿದೆ ಎಂದು ಕೇಳಬೇಕಿತ್ತು. ಬಾಯಿ ಬರಲಿಲ್ಲ. ನರ್ಸೂ ತಾನಾಗಿ ಹೇಳಲಿಲ್ಲ.

ನನ್ನ ಡಾಕ್ಟರ್ ಐವತ್ತು ದಾಟಿದ ಹೆಂಗಸು. ಬೇಗ ಮಾತಾಡುತ್ತಿದ್ದರು, ಆದರೆ ಹೊಟ್ಟೆ ಮುಟ್ಟುವಾಗ ಅವಸರ ಮಾಡುತ್ತಿರಲಿಲ್ಲ. ಕೈಯಾಡಿಸಿ ನೋಡಿದರು, ಟೇಪ್ ಹಿಡಿದು ಅಳೆದರು, ಸ್ಕ್ಯಾನಿಂಗ್‌ಗೆ ಕಳಿಸಿದರು. ವರದಿ ಬಂದ ಮೇಲೆ ಅವ್ವನನ್ನೂ ಒಳಗೆ ಕರೆದು ಕೂಡಿಸಿದರು.

"ಕೂಸಿನ ಸುತ್ತ ನೀರು ಎಷ್ಟಿರಬೇಕೋ ಅದಕ್ಕಿಂತ ಜಾಸ್ತಿ ಇದೆ. ಅದಕ್ಕೆ ಅದು ಮೀನಿನ ಹಾಗೆ ತಿರುಗ್ತಾ ಇದೆ. ಇವತ್ತು ಅಡ್ಡ ಮಲಗಿದೆ. ನಾಳೆ ತಲೆ ಮೇಲೆ ಇರಬಹುದು, ನಾಡಿದ್ದು ಕೆಳಗೆ ಬರಬಹುದು."

"ಆಡೋದು ಒಳ್ಳೇದು ಅಂತಾರಲ್ರಿ ಮೇಡಂ?" ಎಂದು ಕೇಳಿದೆ.

"ಆಡೋದ್ರಿಂದ ಅದಕ್ಕೇನೂ ತೊಂದರೆ ಇಲ್ಲಮ್ಮ. ಹೆರಿಗೆ ಹೊತ್ತಿಗೆ ಅದು ಎಲ್ಲಿರ್ತದೆ ಅನ್ನೋದು ನನ್ನ ಚಿಂತೆ. ಅಡ್ಡ ಇರೋವಾಗ ನೀರು ಒಡೆದ್ರೆ ಹೊಕ್ಕುಳ ಬಳ್ಳಿ ಮೊದಲು ಜಾರಿ ಬರಬಹುದು. ಬಳ್ಳಿ ಒತ್ತಿಕೊಂಡ್ರೆ ಕೂಸಿಗೆ ಉಸಿರಿಲ್ಲ. ಆಗ ನಮಗೆ ಟೈಮ್ ಇರಲ್ಲ."

ಅವ್ವ ಕುರ್ಚಿಯ ಅಂಚಿಗೆ ಬಂದು ಕೂತಳು. ಡಾಕ್ಟರ್ ಮುಂದುವರಿಸಿದರು. ನೀರು ಒಡೆದರೆ ನಿಲ್ಲಬಾರದು, ನಡೆಯಬಾರದು. ಮೊಣಕಾಲು ಮೊಣಕೈ ಊರಿ, ತಲೆ ಕೆಳಗೆ ಸೊಂಟ ಮೇಲೆ ಮಾಡಿ ಹಾಗೇ ಆಸ್ಪತ್ರೆಗೆ ಬರಬೇಕು. ಕೆಳಗೆ ಏನಾದರೂ ಕಂಡರೆ ಮುಟ್ಟಬಾರದು. "ಮಾಡಿ ತೋರಿಸ್ತೀಯಾ?" ಎಂದರು. ನಾನು ಅಲ್ಲೇ ಪರೀಕ್ಷೆಯ ಮಂಚದ ಮೇಲೆ ಮಾಡಿ ತೋರಿಸಿದೆ. ಇಷ್ಟು ವರ್ಷ ಮಕ್ಕಳಿಗೆ ಕವಾಯತು ಹೇಳಿಕೊಟ್ಟವಳಿಗೆ ಇದೂ ಒಂದು ಕವಾಯತು ಎನಿಸಿತು.

ಇನ್ನೂ ಎರಡು ಮಾತು ಹೇಳಿದರು. ನನಗೆ ರಕ್ತದಲ್ಲಿ ಸಕ್ಕರೆ ಸ್ವಲ್ಪ ಏರಿತ್ತು, ನೀರು ಹೆಚ್ಚಾಗಲು ಅದು ಕಾರಣವಿರಬಹುದು. ಅದಲ್ಲದೆ, ಕೆಲವು ಸಲ ಕೂಸಿಗೆ ಆ ನೀರನ್ನು ನುಂಗಲು ಬಾರದಿದ್ದರೂ, ಅನ್ನನಾಳ ಸರಿಯಾಗಿ ಕೂಡಿಕೊಳ್ಳದಿದ್ದರೂ ನೀರು ಹೆಚ್ಚಾಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಅಂಥದ್ದು ಕಾಣುತ್ತಿಲ್ಲ, ಆದರೆ ಹುಟ್ಟಿದ ಮೇಲೆ ನಳಿಕೆ ಹಾಕಿ ನೋಡುವ ತನಕ ಖಚಿತವಾಗಿ ಹೇಳಲಾಗದು. ಮೊದಲು ಹೇಳಿದ್ದೆಲ್ಲ ಅವ್ವನ ಕಿವಿಗೆ ಬಿದ್ದಿತ್ತು. ಈ ಕೊನೆಯ ಮಾತು ನನ್ನ ಕಿವಿಗೆ ಮಾತ್ರ ಬಿದ್ದಿತು. ಅವ್ವ ಆಗಲೇ ಬೇರೆ ಲೆಕ್ಕದಲ್ಲಿದ್ದಳು. ಹೊರಗೆ ಬಂದವಳೇ, "ಹರಿಹರದಾಗ ನಿನ್ನ ಇಟ್ಕಂಡ್ರೆ ಆಗಲ್ಲ," ಎಂದಳು. ಹೆದ್ದಾರಿ, ಗಾಡಿಗಳು, ಸಿಗ್ನಲ್ಲು ಎಲ್ಲ ಅವಳ ಕಣ್ಣಮುಂದೆ ಬಂದಿರಬೇಕು.

ಶಾಮನೂರಿನಿಂದ ಆಸ್ಪತ್ರೆ ಹತ್ತಿರ. ಒಂಬತ್ತು ತುಂಬುವ ಹೊತ್ತಿಗೆ ಬಂದು ಸೇರಿಕೊಳ್ಳಬೇಕು, ಅಲ್ಲಿಯವರೆಗೆ ಶಾಮನೂರಿನಲ್ಲಿರಬಹುದು ಎಂದು ಡಾಕ್ಟರ್ ಒಪ್ಪಿದ್ದರು. ಆದರೆ ಚೊಚ್ಚಲ ಹೆರಿಗೆ, ತವರಿನವರು ನೋಡಿಕೊಳ್ಳಬೇಕು. ನನ್ನನ್ನು ಅತ್ತೆಯ ಮೇಲೆ ಬಿಟ್ಟು ಹೋಗಲು ಅವ್ವನಿಗೆ ಮನಸ್ಸಿಲ್ಲ. ಬೀಗರ ಮನೆಯಲ್ಲಿ ವಾರಗಟ್ಟಲೆ ಉಳಿಯಲು ಮುಖವಿಲ್ಲ. ಅಪ್ಪನೇ ಕೊನೆಗೆ, "ನನ್ ಊಟದ್ದು ನಾನ್ ನೋಡ್ಕಂತೀನಿ, ನೀನ್ ಹೋಗು ಮಾರಾಯ್ತಿ," ಎಂದು ಕಳಿಸಿದ.

ಅವ್ವ ಬಂದಳು. ಬರುವಾಗ ಒಂದು ಚೀಲ ಅಕ್ಕಿ, ಬೇಳೆ, ಒಂದು ಡಬ್ಬಿ ಎಣ್ಣೆ ತಂದಳು. ಅತ್ತೆ ಅದನ್ನು ನೋಡಿ ಬಾಗಿಲಲ್ಲೇ ನಿಂತುಬಿಟ್ಟರು.

"ಯಾಕ್ರಿ ಬೀಗ್ರೇ, ನಮ್ಮನ್ಯಾಗ ಅಕ್ಕಿ ಇಲ್ಲ ಅಂತ ಯಾರ್ ಹೇಳಿದ್ರು ನಿಮ್ಗೆ?"

"ಹಂಗಲ್ರಿ. ಬಾಳ ದಿನ ಇರಾಕೆ ಬಂದೀನಿ. ಬರಿಗೈಲಿ ಹೆಂಗ್ ಬರೋದು?"

"ಬರಿಗೈಲೇ ಬರ್ರಿ. ಕೂಸಿನ ಅಜ್ಜಿ ನೀವು, ಲಾಡ್ಜಿಗೆ ಬಂದೀರೇನು?"

ಅಕ್ಕಿ ಚೀಲ ಎರಡು ದಿನ ಪಡಸಾಲೆಯಲ್ಲೇ ಇತ್ತು. ಯಾರೂ ಮುಟ್ಟಲಿಲ್ಲ. ಮೂರನೆಯ ದಿನ ಅತ್ತೆ ಅದನ್ನು ಬಿಚ್ಚಿ, ಕಲ್ಲು ಆರಿಸಿ, ಅನ್ನ ಮಾಡಿದರು. ಊಟಕ್ಕೆ ಬಡಿಸುವಾಗ "ಅಕ್ಕಿ ಚಲೋ ಐತೆ" ಎಂದಷ್ಟೇ ಹೇಳಿದರು.

ಆ ವಾರಗಳು ಹೆಚ್ಚು ಕಡಿಮೆ ಒಂದೇ ಥರ ಕಳೆದವು. ಬೆಳಿಗ್ಗೆ ಎದ್ದ ಕೂಡಲೇ ಇಬ್ಬರೂ ನನ್ನ ಎರಡು ಬದಿಗೆ ಕೂತು ಹೊಟ್ಟೆ ಮುಟ್ಟಿ ನೋಡುತ್ತಿದ್ದರು. "ತಲೆ ಇಲ್ಲೈತೆ," ಎನ್ನುತ್ತಿದ್ದಳು ಅವ್ವ. "ಅದು ತಲೆ ಅಲ್ರಿ, ಕುಂಡಿ. ತಲೆ ಈ ಕಡೆಗೈತೆ," ಎನ್ನುತ್ತಿದ್ದರು ಅತ್ತೆ. ವಾದ ಮುಗಿಯುವ ಮುಂಚೆ ಕೂಸು ಇನ್ನೊಂದು ಕಡೆಗೆ ತಿರುಗಿರುತ್ತಿತ್ತು. ಆಮೇಲೆ ಮುದ್ದೆ, ಸೊಪ್ಪು, ಸಕ್ಕರೆ ಇಲ್ಲದ ಚಹಾ. ಬಯಕೆಯ ಬಸುರಿಗೆ ಸಿಹಿ ಇಲ್ಲವೆಂದು ಇಬ್ಬರಿಗೂ ಬೇಸರ. ಒಬ್ಬರಿಗೊಬ್ಬರು ಕಾಣದ ಹಾಗೆ ನನಗೆ ಬೆಲ್ಲದ ಚೂರು ಕೊಡಲು ಬರುತ್ತಿದ್ದರು. ನಾನು ಇಬ್ಬರಿಗೂ ಬೇಡವೆನ್ನುತ್ತಿದ್ದೆ.

ನನಗೆ ಬರುತ್ತಿದ್ದ ಭಯ ಅವರಿಬ್ಬರ ಭಯದ ಹಾಗೆ ಇರಲಿಲ್ಲ. ನೀರು ಒಡೆಯುವುದು, ಬಳ್ಳಿ ಜಾರುವುದು ಇವಕ್ಕೆ ಮಾಡಬೇಕಾದ ಕೆಲಸವಿತ್ತು. ಅದನ್ನು ಕಲಿತಾಗಿತ್ತು. ನುಂಗಲು ಬರುತ್ತದೋ ಇಲ್ಲವೋ ಎನ್ನುವುದಕ್ಕೆ ಮಾಡಬೇಕಾದದ್ದು ಏನೂ ಇರಲಿಲ್ಲ. ಒಂದು ಅನ್ನದ ಅಗುಳು ಗಂಟಲಲ್ಲಿ ಇಳಿಯುವುದನ್ನು ನಾನು ಆಗ ಗಮನಿಸತೊಡಗಿದ್ದೆ. ಎಷ್ಟು ಸಲೀಸಾಗಿ ಇಳಿಯುತ್ತದೆ, ಯಾರೂ ಅದಕ್ಕೆ ಹೇಳಿಕೊಡುವುದಿಲ್ಲ. ಕೂಸು ಹೊರಳಿದಾಗಲೆಲ್ಲ ಅದಕ್ಕೆ ಏನೋ ಆಗಬಾರದ್ದು ಆಗುತ್ತಿದೆ, ಅದಕ್ಕೇ ಒದ್ದಾಡುತ್ತಿದೆ ಎನಿಸುತ್ತಿತ್ತು. ಹಾಗಲ್ಲವೆಂದು ಡಾಕ್ಟರ್ ಹೇಳಿದ್ದರು. ಹೇಳಿದ್ದು ನೆನಪಿದ್ದರೂ ಅನಿಸುವುದು ನಿಲ್ಲುತ್ತಿರಲಿಲ್ಲ.

ಈ ಮಾತನ್ನು ಕೊಟ್ರೇಶರಿಗೆ ಒಬ್ಬರಿಗೇ ಹೇಳಿದೆ, ಅದೂ ಅವರ ಅಂಗಡಿಯಲ್ಲಿ. ಆಸ್ಪತ್ರೆಯಿಂದ ಬರುವಾಗ ಅಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಅವರು ಸುಟ್ಟ ಮೋಟರೊಂದನ್ನು ಬಿಚ್ಚಿ ಹಳೆಯ ತಂತಿ ಎಳೆಯುತ್ತಿದ್ದರು. ಎಲ್ಲ ಕೇಳಿಸಿಕೊಂಡರು. ಎಳೆದ ತಂತಿಯನ್ನು ಪಕ್ಕಕ್ಕಿಟ್ಟು ಕೇಳಿದರು, "ಹಂಗೇನಾದ್ರೂ ಇದ್ರೆ ಆಪರೇಷನ್ ಐತಂತಾ?"

"ಐತಂತೆ."

"ಹಂಗಾದ್ರೆ ಮಾಡ್ಸಣ." ಮತ್ತೆ ತಂತಿ ಎಳೆಯತೊಡಗಿದರು. ಹಳೆಯ ತಂತಿಯೆಲ್ಲ ಮುಗಿದ ಮೇಲೂ ಖಾಲಿ ಮೋಟರಿನೊಳಗೆ ಬೆರಳಾಡಿಸುತ್ತಲೇ ಇದ್ದರು. ನಾನು ಬೇರೆ ಕಡೆ ನೋಡಿದೆ.

ಆಸ್ಪತ್ರೆಗೆ ಸೇರುವ ದಿನ ಗೊತ್ತಾಗಿತ್ತು. ಬ್ಯಾಗು ಸಿದ್ಧವಾಗಿತ್ತು. ಅದಕ್ಕೆ ಇನ್ನೂ ಕೆಲವು ದಿನವಿದ್ದಾಗ, ಬೆಳಗಿನ ಹತ್ತೋ ಹನ್ನೊಂದೋ ಗಂಟೆಗೆ, ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಅತ್ತೆಯ ಹತ್ತಿರ ಮಾತಾಡುತ್ತಾ ನಿಂತಿದ್ದೆ. ಒಳಗೆ ಏನೋ ಪಟ್ ಎಂದ ಹಾಗಾಯಿತು. ಆಮೇಲೆ ನೀರು. ಕೊಡ ಬೋರಲಾದ ಹಾಗೆ ಸುರಿಯಿತು. ಸೀರೆ, ಕಾಲು, ಹಾಸುಗಲ್ಲು ಎಲ್ಲ ತೊಯ್ದುಹೋಯಿತು.

ಆ ದಿನ ಬೆಳಿಗ್ಗೆ ಕೂಸು ಅಡ್ಡ ಇತ್ತು. ಈ ಸಲ ಇಬ್ಬರು ಅಜ್ಜಿಯರೂ ಒಪ್ಪಿದ್ದರು.

ನಾನು ಅಲ್ಲೇ ಕಲ್ಲಿನ ಮೇಲೆ ಮೊಣಕಾಲೂರಿ ಬಗ್ಗಿದೆ. ತಲೆ ಕೆಳಗೆ ಹಾಕಿದೆ. ಅತ್ತೆ ಕೈಯಲ್ಲಿದ್ದ ಬಟ್ಟೆ ಬಿಸಾಡಿ, "ಬೀಗ್ರೇ! ನೀರೊಡಿತ್ರಿ!" ಎಂದು ಕೂಗಿದರು. ಅವ್ವ ಓಡಿ ಬಂದಳು. "ಏಳ್ಬ್ಯಾಡ, ಹಂಗೇ ಇರು, ಹಂಗೇ ಇರು," ಎಂದು ನನ್ನ ಬೆನ್ನಿನ ಮೇಲೆ ಕೈ ಒತ್ತಿ ಹಿಡಿದಳು. ಅವ್ವ ಆಸ್ಪತ್ರೆಗೆ ಫೋನ್ ಹಚ್ಚಿದಳು, ಅತ್ತೆ ಬೀದಿಗೆ ಓಡಿದರು. ಆಂಬುಲೆನ್ಸ್ ಕಳಿಸುತ್ತೇವೆ ಎಂದು ಆಸ್ಪತ್ರೆಯವರು ಹೇಳುತ್ತಿದ್ದಂತೆಯೇ ಅತ್ತೆ ಪಕ್ಕದ ಮನೆಯ ರುದ್ರಣ್ಣನ ಗೂಡ್ಸ್ ಆಟೊವನ್ನು ಬಾಗಿಲಿಗೆ ತಂದು ನಿಲ್ಲಿಸಿದ್ದರು. ರುದ್ರಣ್ಣ ಮಾರ್ಕೆಟ್ಟಿಗೆ ತರಕಾರಿ ಹಾಕಿ ಆಗಷ್ಟೇ ಮರಳಿದ್ದ. ಹಾದಿ ಕಾಯುತ್ತಾ ಕೂಡುವುದಕ್ಕಿಂತ ಇದೇ ಬೇಗ ಎಂದು ಅತ್ತೆ ಹೇಳಿದರು. 

ಹಾಸಿಗೆ ತಂದು ಗಾಡಿಯ ಹಿಂದೆ ಹಾಸಿದರು. ನನ್ನನ್ನು ಬಗ್ಗಿದ ಹಾಗೆಯೇ ಮೂವರೂ ಸೇರಿ ಎತ್ತಿ ಹಾಕಿದರು. ಮೊಣಕೈ, ಮೊಣಕಾಲು, ಹಾಸಿಗೆಗೆ ಒತ್ತಿದ ಕೆನ್ನೆ. ಸೊಂಟ ಆಕಾಶಕ್ಕೆ. ಗಾಡಿಗೆ ಮೇಲೆ ಹೊದಿಕೆ ಇರಲಿಲ್ಲ. ಅವ್ವ ಒಂದು ಕಡೆ, ಅತ್ತೆ ಒಂದು ಕಡೆ ಕೂತು ಮಂಚದ ಮೇಲಿನ ಚಾದರವನ್ನು ನನ್ನ ಸುತ್ತ ಪರದೆಯ ಹಾಗೆ ಹಿಡಿದರು. ಗಾಳಿಗೆ ಅದು ಹಾರುತ್ತಿತ್ತು. ಒಬ್ಬರು ಒಂದು ತುದಿ ಎಳೆದರೆ ಇನ್ನೊಂದು ತುದಿ ಬಿಚ್ಚುತ್ತಿತ್ತು.

ಹಾಸಿಗೆಯಿಂದ ಆಚೆ ತಗಡಿನ ಮೇಲೆ ಈರುಳ್ಳಿ ಸಿಪ್ಪೆ, ಒಡೆದ ಟೊಮೆಟೊ ಬೀಜ ಅಂಟಿಕೊಂಡಿದ್ದವು. ನಾನು ಅವನ್ನೇ ನೋಡುತ್ತಿದ್ದೆ. ಅತ್ತೆ ರಸ್ತೆಯುದ್ದಕ್ಕೂ, "ಸರೀರಿ, ದಾರಿ ಬಿಡ್ರೀ, ಗಾಡ್ಯಾಗ ಬಸುರಿ ಅದಾಳ," ಎಂದು ಕೂಗುತ್ತಿದ್ದರು. ಜನರ ಎದುರು ಜೋರಾಗಿ ಒಂದು ಮಾತಾಡದ ಅವ್ವ, ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ನಿಂತು ಇಣುಕಿದ ಬೈಕಿನವನಿಗೆ, "ಏನ್ ನೋಡ್ತೀಯೋ? ನಿನ್ನೂ ಹಿಂಗೇ ಹೆತ್ತಿರೋದು!" ಎಂದು ಗದರಿದಳು. ಅವನು ತಲೆ ತಗ್ಗಿಸಿದನೋ ಏನೋ. ನನಗೆ ಅವನ ಚಪ್ಪಲಿಗಳಷ್ಟೇ ಕಂಡವು.

ನನ್ನ ಶಾಲೆಯ ಮಕ್ಕಳು ಯಾರಾದರೂ ನೋಡಿದರೆ ಎಂದು ಒಂದು ಕ್ಷಣ ಯೋಚನೆ ಬಂತು. ಆ ಯೋಚನೆ ಹೋದ ಮೇಲೆ ಇನ್ನೊಂದು ತಿಳಿಯಿತು. ಕೂಸು ಆಡುತ್ತಿರಲಿಲ್ಲ.

ಎಷ್ಟೋ ತಿಂಗಳಿಂದ ಒಂದು ಗಳಿಗೆ ಸುಮ್ಮನಿರದ ಅದು ಈಗ ಕಲ್ಲಿನ ಹಾಗೆ ಇತ್ತು. ನೀರೆಲ್ಲ ಹೋದ ಹೊಟ್ಟೆ ಅದಕ್ಕೆ ಬಿಗಿಯಾಗಿ ಅಂಟಿಕೊಂಡಿತ್ತು. ಅತ್ತೆ ಬಗ್ಗಿ ನನ್ನ ಕಿವಿಯ ಹತ್ತಿರ ಕೇಳಿದರು, "ಕೆಳಗೆ ಏನರ ಬಂದಂಗಾತೇನ ಯವ್ವಾ?"

"ಗೊತ್ತಾಗ್ವಲ್ದು."

"ಕೂಸು ಆಡ್ತೈತಾ?"

ನಾನು "ಹೂಂ" ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಅವರ ಕೈಯಲ್ಲಿ ಚಾದರವಿತ್ತು. ಅದನ್ನು ಅವರು ಬಿಡಬಾರದಿತ್ತು, ಅಷ್ಟೇ.

ಆಸ್ಪತ್ರೆಯ ಬಾಗಿಲಲ್ಲೇ ಸ್ಟ್ರೆಚರ್ ಹಿಡಿದು ನಿಂತಿದ್ದರು. ಬಗ್ಗಿದ ಹಾಗೆಯೇ ಒಳಗೆ ದೂಡಿಕೊಂಡು ಹೋದರು. ಡಾಕ್ಟರ್ ಕೈಗವಸು ಹಾಕಿಕೊಳ್ಳುತ್ತಲೇ ಬಂದು, ನನ್ನನ್ನು ಹೊರಳಿಸದೆ ಅಲ್ಲೇ ಪರೀಕ್ಷೆ ಮಾಡಿದರು.  ನಾನು ಸ್ಟ್ರೆಚರಿನ ಕಬ್ಬಿಣದ ಅಂಚನ್ನು ಹಿಡಿದುಕೊಂಡಿದ್ದೆ.

"ಬಳ್ಳಿ ಬಂದಿಲ್ಲ," ಎಂದರು. ಮತ್ತೆ ಬೆರಳಾಡಿಸಿ ನೋಡಿದರು. "ಕೈ ಸಿಗ್ತಾ ಇದೆ. ಕೂಸಿನ ಕೈ."

"ಆಡ್ತಿಲ್ಲ ಮೇಡಂ," ಎಂದೆ. ಗಾಡಿಯಲ್ಲಿ ಹೇಳದೆ ಇಟ್ಟುಕೊಂಡದ್ದು ಈಗ ಬಾಯಿಂದ ಬಂತು.

"ಆಡ್ತಿಲ್ಲ ಅಂದ್ರೆ? ನನ್ನ ಬೆರಳು ತಾಗಿದ ಕೂಡಲೇ ಕೈ ಹಿಂದಕ್ಕೆ ಎಳ್ಕೊಂತಮ್ಮ. ಚೆನ್ನಾಗಿದೆ ಅದು. ಜಾಗ ಇಲ್ಲ, ಅದಕ್ಕೆ ಸುಮ್ನಿದೆ." ಆಮೇಲೆ ತಿರುಗಿ ಉಳಿದವರಿಗೆ, "ಥಿಯೇಟರ್, ಈಗಲೇ," ಎಂದರು.

ಆ ಕ್ಷಣದ ಬಗ್ಗೆ ಜನ ಕೇಳುತ್ತಾರೆ. ಅಳು ಬಂತಾ, ದೇವರು ನೆನಪಾದನಾ ಎಂದು. ಎರಡೂ ಇಲ್ಲ. ಒಳಗೊಂದು ಕೈ ಇದೆ, ಅದಕ್ಕೆ ಮುಟ್ಟಿದ್ದು ತಿಳಿಯುತ್ತದೆ, ಇಷ್ಟವಾಗದಿದ್ದರೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಅಲ್ಲಿಯವರೆಗೆ ಅದು ನನಗೆ ಒಂದು ಅಲುಗಾಟ ಮಾತ್ರವಾಗಿತ್ತು.

ಕೊಟ್ರೇಶ ಬಂದು ಸಹಿ ಹಾಕುವಾಗ ಕೈಗೆ ಹತ್ತಿದ್ದ, ಮೋಟರಿನ ತಂತಿಗೆ ಹಚ್ಚುವ ವಾರ್ನಿಷ್ ಕಾಗದಕ್ಕೆ ಅಂಟಿತಂತೆ. ನಾನು ನೋಡಲಿಲ್ಲ. ನನ್ನನ್ನು ಆಗಲೇ ಥಿಯೇಟರಿಗೆ ಒಯ್ದಿದ್ದರು. ಬೆನ್ನಿಗೆ ಇಂಜೆಕ್ಷನ್, ಕಾಲುಗಳು ಯಾರದೋ ಆದ ಹಾಗೆ, ಎದೆಯ ಮೇಲೆ ಹಸಿರು ಬಟ್ಟೆ. ಚಳಿಗೆ ನನ್ನ ಹಲ್ಲುಗಳು ಕಟಕಟ ಎನ್ನುತ್ತಿದ್ದವು. ತಲೆಯ ಹತ್ತಿರ ಕೂತಿದ್ದ ಹುಡುಗಿಯೊಬ್ಬಳು, ಕಲಿಯುತ್ತಿದ್ದವಳಿರಬೇಕು, ನನ್ನ ಭುಜದ ಮೇಲೆ ತನ್ನ ಅಂಗೈ ಇಟ್ಟು ಕೊನೆಯ ತನಕ ಹಾಗೇ ಕೂತಿದ್ದಳು. ಅವಳ ಮುಖ ಮುಸುಕಿನಲ್ಲಿತ್ತು. ಇವತ್ತು ಎದುರು ಬಂದರೆ ನನಗೆ ಗುರುತು ಸಿಗುವುದಿಲ್ಲ.

ಒಳಗೆ ಎಳೆದಾಡಿದ ಹಾಗಾಯಿತು. ಅಡ್ಡ ಮಲಗಿದ್ದನ್ನು ಕಾಲು ಹಿಡಿದು ತೆಗೆಯಬೇಕಾಯಿತಂತೆ. ಆಮೇಲೆ ಒಂದು ಅಳು ಕೇಳಿತು, ನಾನು ಅಂದುಕೊಂಡದ್ದಕ್ಕಿಂತ ಒರಟು ಧ್ವನಿ. "ಹೆಣ್ಣು ಮಗು," ಎಂದರು. ಒಮ್ಮೆ ತೋರಿಸಿ ಮೂಲೆಯ ಮೇಜಿಗೆ ಒಯ್ದರು. ಅಲ್ಲಿ ಮಕ್ಕಳ ಡಾಕ್ಟರ್ ತೆಳ್ಳನೆಯ ನಳಿಕೆಯೊಂದನ್ನು ಅದರ ಬಾಯಿಗೆ ಇಳಿಸುತ್ತಿದ್ದದ್ದು ನನಗೆ ಓರೆಯಾಗಿ ಕಾಣುತ್ತಿತ್ತು. ಅದು ಎಲ್ಲಿಯಾದರೂ ತಡೆದು ನಿಲ್ಲುತ್ತದೆಯೇ ಎಂದು ಅವರ ಮೊಣಕೈಯನ್ನೇ ನೋಡುತ್ತಿದ್ದೆ. ಮೊಣಕೈ ಎಲ್ಲೂ ನಿಲ್ಲಲಿಲ್ಲ.

"ಸಲೀಸಾಗಿ ಹೋಯ್ತು ಮೇಡಂ," ಎಂದು ಅವರು ಅಲ್ಲಿಂದಲೇ ಕೂಗಿ ಹೇಳಿದರು. ನನ್ನ ಡಾಕ್ಟರ್ ಹೊಲಿಗೆ ಹಾಕುತ್ತಾ ತಲೆ ಎತ್ತದೆ, "ಕೇಳಿಸ್ತೇನಮ್ಮ?" ಎಂದರು. ಕೇಳಿಸಿತ್ತು.

ಆಮೇಲೆ ನನಗೆ ರಕ್ತ ಹೆಚ್ಚು ಹೋಯಿತು. ಹಿಗ್ಗಿದ ಗರ್ಭಕೋಶ ಬೇಗ ಬಿಗಿಯಲಿಲ್ಲ. ರಕ್ತ ಕೊಟ್ಟರು, ಅದು ನನಗೆ ಚೂರು ಚೂರಾಗಿ ನೆನಪಿದೆ. ಕೂಸಿನ ಸಕ್ಕರೆ ಇಳಿದಿತ್ತು ಎಂದು ಅದನ್ನು ಗಾಜಿನ ಪೆಟ್ಟಿಗೆಯ ಕೋಣೆಯಲ್ಲಿಟ್ಟರು. ಅಜ್ಜಿಯರಿಗೆ ಒಳಗೆ ಬಿಡುತ್ತಿರಲಿಲ್ಲ. ಇಬ್ಬರೂ ಕಿಟಕಿಯ ಗಾಜಿಗೆ ಹಣೆ ಹಚ್ಚಿ ನಿಲ್ಲುತ್ತಿದ್ದರು ಎಂದು ಕೊಟ್ರೇಶ ಹೇಳಿದರು. ಯಾರ ಮೂಗು ಎನ್ನುವ ವಾದ ಆಗಲೇ ಶುರುವಾಗಿತ್ತಂತೆ. ನನ್ನ ಎದೆಯ ಹಾಲು ಹಿಂಡಿ ಬಟ್ಟಲಲ್ಲಿ ಕೊಟ್ಟು ಕಳಿಸಿದೆ. ಕೊಟ್ರೇಶ ಬಾಗಿಲ ತನಕ ಒಯ್ದು ಕೊಟ್ಟು ಬಂದು, "ಕುಡಿತು," ಎಂದರು. "ಎಷ್ಟು?" ಎಂದು ಕೇಳಿದೆ. "ಎಲ್ಲ," ಎಂದರು. ಮುಖ ಗೋಡೆಯ ಕಡೆ ತಿರುಗಿಸಿ ನಿಂತರು. ಭುಜ ಅಲುಗುತ್ತಿತ್ತು.  ಅವರು ಅಳುವುದನ್ನು ನೋಡಿದ್ದು ಅದೊಂದೇ ಸಲ.

ಬಾಣಂತನ ಹರಿಹರದಲ್ಲೇ ಆಯಿತು. ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ. ಸಕ್ಕರೆ ತಾನಾಗಿ ಇಳಿಯಿತು, ಹೊಲಿಗೆ ಮಾಗಿತು. ಆದರೆ ಅಲ್ಲಿ ಒಂದು ವಿಚಿತ್ರ ಶುರುವಾಯಿತು. ಮಧ್ಯಾಹ್ನ ಕೂಸು ತೊಟ್ಟಿಲಲ್ಲಿ ಮಲಗಿರುತ್ತಿತ್ತು. ನಾನು ಪಕ್ಕದಲ್ಲಿ ಒರಗಿರುತ್ತಿದ್ದೆ. ಆಗ ಹೊಟ್ಟೆಯೊಳಗೆ ಅದು ಹೊರಳುತ್ತಿತ್ತು. ಹಿಂದೆ ಹೊರಳುತ್ತಿದ್ದ ಹಾಗೆಯೇ, ಎಡದಿಂದ ಬಲಕ್ಕೆ. ಬೆಚ್ಚಿ ಎದ್ದು ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆ. ಹೊಟ್ಟೆ ಖಾಲಿ, ಚರ್ಮ ಸಡಿಲ. ತೊಟ್ಟಿಲಲ್ಲಿ ಬಗ್ಗಿ ನೋಡಿದರೆ ಕೂಸು ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು.

ತಲೆ ಕೆಟ್ಟಿತೇನೋ ಎಂದು ಯಾರಿಗೂ ಹೇಳಲಿಲ್ಲ. ಮರುಪರೀಕ್ಷೆಗೆ ಹೋದಾಗ ಡಾಕ್ಟರಿಗೆ ಮೆಲ್ಲಗೆ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನಕ್ಕರು. "ಬಾಳ ಜನಕ್ಕೆ ಆಗ್ತದಮ್ಮ. ಕರುಳು ಹೊರಳಿದ್ರೂ ಹಾಗೇ ಅನಿಸ್ತದೆ. ಯಾರೂ ಹೇಳ್ಕೊಳ್ಳಲ್ಲ ಅಷ್ಟೇ." ಆ ಮಾತಿಗೆ ನನಗಾದ ನೆಮ್ಮದಿ ಎಷ್ಟೆಂದು ಇಲ್ಲಿ ಬರೆಯಲು ಬರುವುದಿಲ್ಲ.

ಶಾಲೆಗೆ ಮರಳಿದ ಮೇಲೂ ಅದು ಬರುತ್ತಿತ್ತು. ಮೈದಾನದಲ್ಲಿ ನಿಂತಾಗ, ಬಸ್ಸಿನಲ್ಲಿ, ಒಮ್ಮೆ ಸಿಬ್ಬಂದಿ ಸಭೆಯ ನಡುವೆ. ಬಂದಾಗಲೆಲ್ಲ ಕೈ ತಾನಾಗಿ ಹೊಟ್ಟೆಗೆ ಹೋಗುತ್ತಿತ್ತು. ಬರಬರುತ್ತಾ ವಾರಕ್ಕೊಮ್ಮೆಯಾಯಿತು, ಆಮೇಲೆ ಇನ್ನೂ ಅಪರೂಪವಾಯಿತು.

ಮೊನ್ನೆ ಅತ್ತೆ ಹಿತ್ತಿಲಲ್ಲಿ ಬಟ್ಟೆ ಹಿಂಡಿ ಕೊಡುತ್ತಿದ್ದರು, ಮಗಳು ಒಂದೊಂದನ್ನೇ ಹೊತ್ತು ತಂದು ನನಗೆ ಕೊಡುತ್ತಿದ್ದಳು. ಒದ್ದೆ ಟವೆಲಿನ ತುದಿ ನೆಲಕ್ಕೆ ಎಳೆಯುತ್ತಾ, ಕೆಸರು ಮಾಡಿಕೊಳ್ಳುತ್ತಾ. ಅವಳ ಕೈಯಿಂದ ಟವೆಲು ತೆಗೆದುಕೊಳ್ಳಲು ಬಗ್ಗಿದಾಗ, ಒಳಗಿನ ಆ ಅಲುಗಾಟ ಬಾರದೆ ಬಹಳ ದಿನವಾಯಿತಲ್ಲ ಎಂದು ಹೊಳೆಯಿತು. ಕೊನೆಯ ಸಲ ಬಂದದ್ದು ಯಾವಾಗ ಎಂದು ನೆನಪು ಮಾಡಿಕೊಂಡೆ. ನೆನಪಾಗಲಿಲ್ಲ. ಅದು ನಿಂತಾಗ ನಾನು ಇವಳನ್ನು ನೋಡುತ್ತಿದ್ದಿರಬೇಕು.